ಸುಮ್ಮನಿರುವ ತಂಡದಿಂದ ಮಾವನ ಅಮಾನತು

ಕಳೆದ ಶ್ರಾವಣದ ಎರಡನೇ ಭಾನುವಾರ ಬೆಳಗ್ಗೆ ಕೊಡಿಗೇಹಳ್ಳಿಯಲ್ಲಿ ನನ್ನ ಸೋದರಮಾವನನ್ನು ಅವರೇ ಕಟ್ಟಿದ ಬಳಗದ ‘ಸುಮ್ಮನಿರುವ ತಂಡ’ದಿಂದ ಮೂರನೇ ಬಾರಿಗೆ ಅಮಾನತು ಮಾಡಲಾಯಿತು. ಆರೋಪ: ಮಾತಾಡಿದ್ದು. ಆರೋಪಿ ತಪ್ಪು ಒಪ್ಪಿಕೊಂಡರು. ಒಪ್ಪಿಕೊಳ್ಳುವಾಗಲೂ ಅಗತ್ಯಕ್ಕಿಂತ ಹೆಚ್ಚು ಮಾತಾಡಿದ್ದರಿಂದ ಅಮಾನತಿನ ಅವಧಿಯನ್ನು ಅಲ್ಲಿಯೇ ವಿಸ್ತರಿಸಲಾಯಿತು.

ಸುಮ್ಮನಿರುವುದಕ್ಕೂ ಒಂದು ತಂಡವೇ ಎಂದು ನೀವು ಕೇಳಬಹುದು. ನಾನೂ ಕೇಳಿದ್ದೆ. ಇದೆ. ಅದಕ್ಕೆ ನಿಯಮಗಳಿವೆ, ತರಬೇತಿ ಇದೆ, ಸೇರಲು ಕಾಯುತ್ತಿರುವವರೂ ಇದ್ದಾರೆ. ಸೇರಲು ಇಡೀ ಉತ್ತರ ಬೆಂಗಳೂರಿನಲ್ಲಿ ಅತ್ಯಂತ ಅನರ್ಹ ವ್ಯಕ್ತಿ ಯಾರು ಎಂದು ಹುಡುಕಿದ್ದರೆ ಹುಡುಕಿದವರು ನೇರವಾಗಿ ಮಾವನ ಮನೆಗೇ ಬರುತ್ತಿದ್ದರು. ಆದರೆ ಸ್ಥಾಪಕರೇ ಅವರಾದ್ದರಿಂದ ಯಾರೂ ಹುಡುಕುವ ಗೋಜಿಗೆ ಹೋಗಲಿಲ್ಲ.

ಮಾವನದು ಕೊಡಿಗೇಹಳ್ಳಿಯ ಹಳೇ ಮನೆತನ. ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ನಾಲ್ಕಂತಸ್ತಿನ ಕಟ್ಟಡಗಳು ಬೆಳೆದಿವೆ. ತಿಂಗಳಾದರೆ ಬಾಡಿಗೆ ತಾನಾಗಿ ಮನೆಗೆ ನಡೆದು ಬರುತ್ತದೆ. ಹೀಗಿದ್ದೂ ಅವರು ತಮ್ಮ ಮೈಕ್‌ಸೆಟ್ ಮತ್ತು ಶಾಮಿಯಾನದ ಅಂಗಡಿಯನ್ನು ಬಿಡಲಿಲ್ಲ. ಗಣೇಶನ ಪೆಂಡಾಲು, ರಾಜ್ಯೋತ್ಸವ, ಮದುವೆ, ಚುನಾವಣೆ, ತಿಥಿ. ನಮ್ಮ ಸುತ್ತಿನಲ್ಲಿ ಯಾರಾದರೂ ಯಾವುದನ್ನಾದರೂ ಗಟ್ಟಿಯಾಗಿ ಹೇಳಿದ್ದಾರೆ ಎಂದರೆ ಅದು ಮಾವನ ಹಾರನ್ನಿನ ಮೂಲಕವೇ ಹೊರಬಂದಿರುತ್ತದೆ. ಮೈಕ್ ಹಿಡಿದೂ ಹಿಡಿದೂ ಮಾವನಿಗೆ ಕೈಯಲ್ಲಿ ಮೈಕ್ ಇಲ್ಲದಾಗಲೂ ಅದೇ ಗಂಟಲು. ನಾನಿರುವುದು ಯಲಹಂಕದಲ್ಲಿ. ಅವರು ಫೋನ್ ಮಾಡಿದಾಗಲೆಲ್ಲ ಈ ಫೋನು ನಿಜಕ್ಕೂ ಬೇಕಾಗಿತ್ತೇ, ಗಾಳಿ ಈ ಕಡೆ ಬೀಸಿದ್ದರೆ ಸಾಕಾಗುತ್ತಿರಲಿಲ್ಲವೇ ಎಂದು ಅನಿಸುತ್ತದೆ.

ಗಟ್ಟಿ ಗಂಟಲನ್ನು ಊರು ಸಹಿಸಿಕೊಂಡಿತ್ತು. ಸಹಿಸಲು ಕಷ್ಟವಾಗಿದ್ದು ಇನ್ನೊಂದು ಅಭ್ಯಾಸ. ನಾನು ಪತ್ರಿಕೆಯೊಂದರ ಡೆಸ್ಕಿನಲ್ಲಿ ಕೂತು ಬೇರೆಯವರ ವಾಕ್ಯಗಳನ್ನು ಕತ್ತರಿಸುವ ಕೆಲಸ ಮಾಡುವವನು. ಮಾವ ಬೇರೆಯವರ ವಾಕ್ಯಗಳನ್ನು ಅರ್ಧದಲ್ಲಿ ಹಿಡಿದು ತಾವೇ ಮುಗಿಸುವವರು. ಟಿ.ವಿ.ಯಲ್ಲಿ ವಾರ್ತೆ ಓದುವವರು ‘ಮುಖ್ಯಮಂತ್ರಿಗಳು ಇಂದು’ ಎನ್ನುವಷ್ಟರಲ್ಲಿ ಮಾವ ‘ದಿಲ್ಲಿಗೆ ಹೋದರು’ ಎಂದು ಮುಗಿಸುತ್ತಾರೆ. ಅನೇಕ ಸಲ ಅದು ಸರಿಯಾಗಿಯೂ ಇರುತ್ತದೆ, ಅದು ಬೇರೆ ಮಾತು. ಸೊಪ್ಪಿನ ಗಾಡಿಯವನು ಬೆಲೆ ಹೇಳುವ ಮೊದಲೇ ಮಾವ ಹೇಳಿಬಿಡುವುದರಿಂದ ಅವನು ಇವರ ಬಾಗಿಲ ಮುಂದೆ ಬಾಯಿಯನ್ನೇ ತೆರೆಯುವುದಿಲ್ಲ. ಒಮ್ಮೆ ಮದುವೆಯಲ್ಲಿ ಪುರೋಹಿತರು ಅನ್ನಬೇಕಾದ ‘ಗಟ್ಟಿಮೇಳ’ವನ್ನು ಮಾವ ಮೊದಲೇ ಮೈಕಿನಲ್ಲಿ ಅಂದುಬಿಟ್ಟರು. ವಾಲಗ ಮೊಳಗಿತು. ವರನ ಕೈಗೆ ತಾಳಿ ಇನ್ನೂ ಬಂದಿರಲಿಲ್ಲ, ಅಷ್ಟರಲ್ಲಿ ಛತ್ರದ ಅಕ್ಷತೆಯೆಲ್ಲ ಖರ್ಚಾಗಿತ್ತು! ನಿಜವಾದ ಗಟ್ಟಿಮೇಳಕ್ಕೆ ಅಡುಗೆಮನೆಯಿಂದ ಸೋನಾಮಸೂರಿ ತರಿಸಬೇಕಾಯಿತು.

ಇಂಥ ಮಾವನನ್ನು ನಿಲ್ಲಿಸಲು ಸಾಧ್ಯವಿದ್ದದ್ದು ಅತ್ತೆಗೆ ಮಾತ್ರ. ಅತ್ತೆ ಮಾಕಳಿಯವರು. ಮಾತು ಬಹಳ ಕಡಿಮೆ. ಮಾವ ಊಟಕ್ಕೆ ಕೂತಾಗಿನಿಂದ ಏಳುವ ತನಕ ಮಾತಾಡಿದರೆ ಅತ್ತೆಯಿಂದ ಒಂದು ‘ಹೂಂ’ ಬರುತ್ತಿತ್ತು. ಆದರೆ ಅತ್ತೆ ‘ಸಾಕು’ ಅಂದರೆ ಮಾವ ನಿಲ್ಲಿಸುತ್ತಿದ್ದರು. ಆಂಪ್ಲಿಫೈಯರಿಗೆ ಇರುವಂತೆ ಮಾವನಿಗೂ ಒಂದು ಸ್ವಿಚ್ ಇತ್ತು, ಅದು ಅತ್ತೆಯ ಗಂಟಲಿನಲ್ಲಿತ್ತು.

ಮೂರು ವರ್ಷಗಳ ಹಿಂದೆ ಆ ಗಂಟಲಿನಲ್ಲಿ ಗಡ್ಡೆ ಕಾಣಿಸಿಕೊಂಡಿತು. ಹೆಬ್ಬಾಳದ ಆಸ್ಪತ್ರೆಯೊಂದರಲ್ಲಿ ಆಪರೇಷನ್ ಆಯಿತು. ಜೀವ ಉಳಿಯಿತು, ಧ್ವನಿಪೆಟ್ಟಿಗೆ ಹೋಯಿತು. ಕುತ್ತಿಗೆಯ ಬುಡದಲ್ಲಿ ಉಸಿರಾಟಕ್ಕೆ ಒಂದು ತೂತು ಉಳಿಯಿತು. ಅತ್ತೆ ಅದರ ಮೇಲೆ ಯಾವಾಗಲೂ ಸೆರಗು ಹೊದ್ದುಕೊಳ್ಳುತ್ತಿದ್ದರು.

ಮಾತಿನ ತರಬೇತಿ ಕೊಡುವ ಮೇಡಂ ಒಬ್ಬರು ಮನೆಗೆ ಬರತೊಡಗಿದರು. ಧಾರವಾಡ ಕಡೆಯವರು, ವಯಸ್ಸು ಚಿಕ್ಕದು, ಗದರುವುದರಲ್ಲಿ ಮಾತ್ರ ಹೆಡ್‌ಮಾಸ್ಟರು. ಅವರು ಅತ್ತೆಗೆ ಒಂದು ಟ್ಯಾಬ್ ಕೊಡಿಸಿದರು. ಕನ್ನಡದಲ್ಲಿ ಟೈಪ್ ಮಾಡಿ ಒಂದು ಗುಂಡಿ ಒತ್ತಿದರೆ ಅದರೊಳಗಿನ ಹೆಣ್ಣು ಧ್ವನಿ ಅದನ್ನು ಓದುತ್ತಿತ್ತು. ಅತ್ತೆ ತಾವು ಮಾತಾಡುವ ಹಾಗೆಯೇ ಟೈಪ್ ಮಾಡುತ್ತಿದ್ದರು. ಧ್ವನಿಯೋ ವಾರ್ತೆ ಓದುವವರದ್ದು. ‘ಒಲೆ ಮ್ಯಾಗಳ ಆಲು ಉಕ್ತಾ ಐತೆ’ ಎಂಬುದನ್ನು ಅದು ಅಣೆಕಟ್ಟೆಯಿಂದ ನೀರು ಬಿಟ್ಟ ಸುದ್ದಿಯಷ್ಟು ಗಂಭೀರವಾಗಿ ಓದುತ್ತಿತ್ತು. ಅಷ್ಟು ಹೊತ್ತಿಗೆ ಹಾಲು ಉಕ್ಕಿ ಆಗಿರುತ್ತಿತ್ತು. ಘಟನೆ ಮುಗಿದ ಮೇಲೆ ಸುದ್ದಿ ಬರುವುದು ನಮ್ಮ ಪತ್ರಿಕೆಯಲ್ಲೂ ಇದ್ದದ್ದೇ. ಹಾಗಾಗಿ ನಾನು ಆಡಿಕೊಳ್ಳುವಂತಿರಲಿಲ್ಲ.

ಅತ್ತೆ ಒಂದೊಂದೇ ಅಕ್ಷರ ಹುಡುಕಿ ಒತ್ತುತ್ತಿದ್ದರು. ಪಕ್ಕದಲ್ಲಿ ಮಾವ! ಪರದೆಯ ಮೇಲೆ ‘ಅಕ್ಕಿ’ ಎಂಬ ಎರಡಕ್ಷರ ಮೂಡಿತೋ ಇಲ್ಲವೋ, ಮಾವ ಸ್ಕೂಟರ್ ತೆಗೆದು ಹೋಗಿ ದೊಡ್ಡ ಮೂಟೆ ಅಕ್ಕಿ ತಂದು ಹಜಾರದಲ್ಲಿ ಇಳಿಸಿದರು. ಅತ್ತೆ ಹೇಳಹೊರಟಿದ್ದದ್ದು, ‘ಅಕ್ಕೀಲಿ ಹುಳ ಬಿದ್ದೈತೆ, ಬಿಸಿಲಿಗೆ ಹಾಕಿ’ ಎಂದು. ಇನ್ನೊಂದು ದಿನ ‘ಡಾಕ್ಟ್ರ’ ಎಂಬಲ್ಲಿಗೆ ಮಾವ ಗಾಬರಿಯಾಗಿ ಅವರನ್ನು ಕಾರಿನಲ್ಲಿ ಕೂರಿಸಿಕೊಂಡು ಹೊರಟೇಬಿಟ್ಟರು. ಹೆಬ್ಬಾಳದ ಫ್ಲೈಓವರ್ ಮೇಲೆ ವಾಹನಗಳು ನಿಂತಿದ್ದವು. ಅಲ್ಲಿ ಅತ್ತೆಗೆ ವಾಕ್ಯ ಮುಗಿಸಲು ಬಿಡುವು ಸಿಕ್ಕಿತು: ‘ಡಾಕ್ಟ್ರ ಮಗಳ ಮದ್ವೆ ಕಾರ್ಡು ಬಂದೈತೆ.’ ಆ ಫ್ಲೈಓವರಿನ ಟ್ರಾಫಿಕ್ಕು ನಾಗರಿಕರೊಬ್ಬರಿಗೆ ಉಪಕಾರ ಮಾಡಿದ ಬೇರೆ ಉದಾಹರಣೆ ನನಗೆ ತಿಳಿದಿಲ್ಲ.

ಅತ್ತೆ ಸಿಟ್ಟಾಗಲಿಲ್ಲ. ಹುಳ ಬಿದ್ದ ಅಕ್ಕಿಯನ್ನು ತಾವೇ ಮಹಡಿಗೆ ಹೊತ್ತು ಬಿಸಿಲಿಗೆ ಹರವಿದರು. ‘ಸಾಕು’ ಎಂದು ಟೈಪ್ ಮಾಡಲು ಒಂದೆರಡು ಸಲ ಹೊರಟದ್ದುಂಟು. ‘ಸಾ’ ಎಂಬಲ್ಲಿಗೆ ಮಾವ ‘ಸಾರು ಮಾಡ್ಬೇಕಾ, ನಾನೇ ಮಾಡ್ತೀನಿ ಬಿಡು’ ಅಂದರು.

ಇವೆಲ್ಲ ನಕ್ಕು ಮರೆಯಬಹುದಾದ ಸಂಗತಿಗಳು. ಮರೆಯಲಾಗದ್ದು ನಡೆದದ್ದು ಅವರ ಮಗಳ ಗೃಹಪ್ರವೇಶದ ದಿನ.

ಮಗಳು ಮಾಕಳಿಯಲ್ಲಿ, ಅತ್ತೆಯ ತವರಿನ ಹತ್ತಿರವೇ, ಮನೆ ಕಟ್ಟಿಸಿದ್ದಳು. ಶಾಮಿಯಾನ, ಮೈಕ್‌ಸೆಟ್ ಎಲ್ಲ ಮಾವನದೇ. ಆಪರೇಷನ್ ಆದ ಮೇಲೆ ಅತ್ತೆ ನೆಂಟರ ಮುಂದೆ ಬಂದದ್ದು ಅದೇ ಮೊದಲು. ‘ಪಾಪ, ಮಾತು ಹೋಯ್ತಂತೆ’ ಎಂದು ನಾಲ್ಕು ಜನ ಅಂದದ್ದು ಮಾವನ ಕಿವಿಗೆ ಬಿತ್ತು. ತಮ್ಮ ಹೆಂಡತಿ ಮಾತಾಡುತ್ತಾಳೆ ಎಂದು ತೋರಿಸಬೇಕು ಅನಿಸಿತು. ಮೈಕ್‌ಸೆಟ್ಟಿನವರಿಗೆ ತೋರಿಸುವುದು ಎಂದರೆ ಒಂದೇ ದಾರಿ. ಯಾರನ್ನೂ ಕೇಳದೆ, ಅತ್ತೆಯನ್ನಂತೂ ಕೇಳದೆ, ಟ್ಯಾಬಿನಿಂದ ಒಂದು ವೈರ್ ಎಳೆದು ಆಂಪ್ಲಿಫೈಯರಿಗೆ ಸೇರಿಸಿದರು. ಎರಡು ಹಾರನ್ನುಗಳು ತೆಂಗಿನ ಮರದ ಮೇಲಿದ್ದವು. ಅತ್ತೆಗೆ ಅದು ಚಾರ್ಜರಿನ ವೈರ್ ಅನಿಸಿತ್ತು.

‘ಈಗ ನಮ್ಮ ಮನೆಯೋರು ಎರಡು ಮಾತಾಡ್ತಾರೆ’ ಎಂದು ಮಾವ ಮೈಕಿನಲ್ಲಿ ಘೋಷಿಸಿ ಅತ್ತೆಯ ಪಕ್ಕ ಬಂದು ನಿಂತರು. ಊಟದ ಪಂಕ್ತಿ ಅಲ್ಲಿಗೇ ನಿಂತಿತು. ಎಲ್ಲರೂ ತಿರುಗಿ ನೋಡಿದರು. ಅತ್ತೆ ತಲೆ ತಗ್ಗಿಸಿ ಟೈಪ್ ಮಾಡಿದರು. ಅದು ಪಕ್ಕದಲ್ಲಿದ್ದ ಗಂಡನಿಗೆ ಹೇಳಿದ ಮಾತು. ಗುಂಡಿ ಒತ್ತಿದರು. ಅದು ತುಮಕೂರು ರಸ್ತೆಯ ತನಕ ಕೇಳಿಸಿತು.

‘ರೇಷ್ಮೆ ಸೆರಗು ನಿಲ್ತಾ ಇಲ್ಲ. ತೂತು ಕಾಣ್ತೈತೆ. ಎಲ್ರೂ ನೋಡ್ತಾವ್ರೆ, ನಂಗೆ ನಾಚ್ಕೆ ಆಗ್ತೈತೆ. ಮನೆಗೆ ಕರ್ಕೊಂಡೋಗಿ.’

ವಾರ್ತೆಯ ಧ್ವನಿಗೆ ಮೊದಲು ಕೆಲವರು ನಕ್ಕರು. ಅರ್ಥವಾದ ಮೇಲೆ ಯಾರೂ ನಗಲಿಲ್ಲ. ಆಗ ಮಾವ ಮೈಕನ್ನು ಬಾಯಿಗೆ ಹಿಡಿದು, ಮುಖ ಅರಳಿಸಿ ಅಂದರು: ‘ಕೇಳುದ್ರಾ? ಎಷ್ಟು ಕ್ಲಿಯರ್ ಆಗಿ ಬಂತು!’

ಜೀವನವಿಡೀ ಅವರು ಮಾತು ಎಷ್ಟು ದೂರ ಹೋಗುತ್ತದೆ, ಎಷ್ಟು ಸ್ಪಷ್ಟವಾಗಿ ಹೋಗುತ್ತದೆ ಎಂಬುದನ್ನೇ ಕೇಳಿಸಿಕೊಂಡವರು. ಏನು ಹೇಳಿತು ಎಂಬುದು ಅವರ ಕಿವಿಗೆ ಸ್ವಲ್ಪ ತಡವಾಗಿ ತಲುಪಿತು. ತಲುಪಿದಾಗ ಅತ್ತೆ ವೈರ್ ಕಿತ್ತು, ಟ್ಯಾಬನ್ನು ಎದೆಗವುಚಿಕೊಂಡು, ಕಾರಿನ ಹಿಂದಿನ ಸೀಟಿನಲ್ಲಿ ಕೂತಾಗಿತ್ತು.

ಮನೆಗೆ ಬಂದು ಅತ್ತೆ ಟ್ಯಾಬನ್ನು ಬೀರುವಿನಲ್ಲಿ ರೇಷ್ಮೆ ಸೀರೆಗಳ ಕೆಳಗೆ ಇಟ್ಟರು. ಅದಾದ ಮೇಲೆ ಬೇಕಾದ್ದನ್ನು ಕೈಯಲ್ಲಿ ತೋರಿಸುತ್ತಿದ್ದರು, ಬೇಡವಾದ್ದಕ್ಕೆ ತಲೆಯಾಡಿಸುತ್ತಿದ್ದರು. ಮಗಳು ಫೋನ್ ಮಾಡಿದರೆ ಕಿವಿಗಿಟ್ಟುಕೊಂಡು ಕೇಳಿ, ಫೋನಿನ ಮೇಲೆ ಎರಡು ಸಲ ಬೆರಳಿಂದ ತಟ್ಟಿ ಇಡುತ್ತಿದ್ದರು. ಮಾವನ ಮಾತಿಗೆ ‘ಹೂಂ’ ಎಂಬಂತೆ ಗೋಣು ಹಾಕುತ್ತಿದ್ದದ್ದೂ ನಿಂತಿತು.

ಮಾವ ಮೇಡಂ ಬಳಿ ಓಡಿದರು. ಮೇಡಂ ಪೂರ್ತಿ ಕೇಳಿಸಿಕೊಂಡು, ಅತ್ತೆಗೆ ಈಗ ಬೇಕಾಗಿರುವುದು ಡಾಕ್ಟರೂ ಅಲ್ಲ, ಗಂಡನೂ ಅಲ್ಲ, ಮೆಷಿನ್ ಹಿಡಿದು ಮಾತಾಡುವ ಇನ್ನೊಂದು ನಾಲ್ಕು ಜನ ಎಂದರು. ತಮ್ಮಂಥವರು ಬದುಕುತ್ತಿರುವುದನ್ನು ಅವರು ನೋಡಬೇಕು ಎಂದೂ, ಈಗಾಗಲೇ ದಾರಿ ಸವೆಸಿದವರು ಹೊಸಬರಿಗೆ ಜೊತೆಯಾಗುವಂಥ ಬಳಗ ನಮ್ಮ ಕಡೆ ಇಲ್ಲವೆಂದೂ ಹೇಳಿದರು. ಇದು ಸಲಹೆ. ಮಾವ ಇದನ್ನು ಆರ್ಡರ್ ಎಂದು ತೆಗೆದುಕೊಂಡರು. ನಾಲ್ಕು ಜನ ತಾನೇ? ಎಷ್ಟು ಕುರ್ಚಿ, ಎಷ್ಟು ಟೀ?

ಆಟೊ ಮೇಲೆ ಹಾರನ್ ಕಟ್ಟಿ ಕೊಡಿಗೇಹಳ್ಳಿಯಿಂದ ಆರ್.ಟಿ. ನಗರದವರೆಗೆ ಪ್ರಚಾರ ಮಾಡಿದರು. ಮಾತು ಹೋದವರು, ಮೆಷಿನ್ನಿಂದ ಮಾತಾಡುವವರು ಭಾನುವಾರ ಬೆಳಗ್ಗೆ ನಮ್ಮ ಶಾಮಿಯಾನದ ಗೋಡೌನಿಗೆ ಬರಬೇಕು, ತಿಂಡಿ ವ್ಯವಸ್ಥೆ ಇದೆ! ಮೊದಲ ಭಾನುವಾರ ಗೋಡೌನು ತುಂಬಿ ತುಳುಕಿತು. ಎಲ್ಲರೂ ಬಾಯ್ತುಂಬ ಮಾತಾಡುವವರೇ. ಇಬ್ಬರು ಕಿವಿ ತೋರಿಸಲು ಬಂದಿದ್ದರು, ಒಬ್ಬರು ವಾರ್ಡ್ ಚುನಾವಣೆಗೆ ನಿಲ್ಲುವವರು, ಉಳಿದವರು ತಿಂಡಿಯವರು. ಉಪ್ಪಿಟ್ಟಿನ ಪಾತ್ರೆ ಖಾಲಿಯಾದ ಮೇಲೆ ಉಳಿದದ್ದು ಒಬ್ಬರೇ ಒಬ್ಬರು.

ಅವರು ಗದಗ ಕಡೆಯ ನಿವೃತ್ತ ಕಾಲೇಜು ಮೇಷ್ಟ್ರು, ಈಗ ನಾಗಸಂದ್ರದಲ್ಲಿರುವವರು. ನರದ ಕಾಯಿಲೆಯಿಂದ ನಾಲಿಗೆ ಹೊರಳುತ್ತಿರಲಿಲ್ಲ. ಒಂದೇ ಬೆರಳಿನಲ್ಲಿ ಟೈಪ್ ಮಾಡುತ್ತಿದ್ದರು. ಮಾವ ಪರದೆಗೆ ಇಣುಕಿ ‘ನೀವು’ ಎಂಬುದನ್ನು ಓದಿ, ‘ನೀವು ಇಂಥ ಒಳ್ಳೇ ಕೆಲ್ಸ ಮಾಡ್ತಿದ್ದೀರಿ ಅಂತೀರಾ’ ಅಂದರು. ಮೇಷ್ಟ್ರು ಅಲ್ಲವೆಂದು ತಲೆಯಾಡಿಸಿ ಮುಂದುವರಿಸಿದರು. ‘ಸ್ವಲ್ಪ’ ಬಂತು. ‘ಸ್ವಲ್ಪ ಉಪ್ಪಿಟ್ಟು ಹಾಕುಸ್ಲಾ, ತಳದಲ್ಲಿ ಐತೆ’ ಅಂದರು ಮಾವ. ಮೇಷ್ಟ್ರು ತಾಳ್ಮೆಯಿಂದ ಮುಗಿಸಿ ಗುಂಡಿ ಒತ್ತಿದರು.

‘ನೀವು ಸ್ವಲ್ಪ ಬಾಯಿ ಮುಚಗೊಂಡು ಕೂಡ್ತೀರೇನ್ರಿ?’

ಮೆಷಿನ್ನು ಅದನ್ನು ಅತ್ಯಂತ ವಿನಯದಿಂದ ಹೇಳಿತು. ಮಾವ ಕುರ್ಚಿ ಎಳೆದುಕೊಂಡು ಕೂತರು. ಹೀಗೆ ಬಳಗದ ಮೊದಲ ಸಭೆ ಯಶಸ್ವಿಯಾಯಿತು.

ಮೇಷ್ಟ್ರು ಮುಂದಿನ ವಾರ ಇನ್ನಿಬ್ಬರನ್ನು ಕರೆತಂದರು, ಮೇಡಂ ಮತ್ತಷ್ಟು ಜನರನ್ನು ಕಳಿಸಿದರು. ಆಮೇಲೆ ಮಾವ ತಂಡ ಕಟ್ಟಲು ಕೂತರು. ಅದು ಅವರಿಗೆ ಬರುವ ವಿದ್ಯೆ. ಶಾಮಿಯಾನ ಸಾಗಿಸುವ ಟೆಂಪೋಗೆ ಇಳಿಜಾರಿನ ಹಲಗೆ ಕೂರಿಸಿ ಗಾಲಿಕುರ್ಚಿ ಹತ್ತಿಸುವ ಹಾಗೆ ಮಾಡಿದರು. ಅದು ಕರೆತರುವ ತಂಡ. ಗೋಡೌನಿನಲ್ಲಿ ಪ್ರತಿ ಕುರ್ಚಿಯ ಪಕ್ಕ ಒಂದು ಪ್ಲಗ್ ಬರುವಂತೆ ವೈರ್ ಎಳೆದರು. ಅದು ಚಾರ್ಜರ್ ತಂಡ, ನಾಯಕರು ಸ್ವತಃ ಮಾವ. ಬ್ಯಾಟರಿ ಇಳಿದರೆ ಇವರ ನಾಲಿಗೆಯೇ ಹೋದ ಹಾಗಲ್ಲವೇ? ಕರೆಂಟ್ ಹೋದಾಗ ಮದುವೆಗೆ ಕೊಡುವ ಜನರೇಟರನ್ನು ಹಚ್ಚಿದರು. ಅದರ ಸದ್ದಿನಲ್ಲಿ ಯಾರ ಮೆಷಿನ್ನೂ ಯಾರಿಗೂ ಕೇಳಿಸದೆ ಸಭೆಯೇ ಬರಖಾಸ್ತಾಯಿತು. ಮರುವಾರ ಜನರೇಟರು ಎರಡು ಸೈಟು ಆಚೆ ಹೋಗಿ ಕೂತಿತ್ತು. ಅಲ್ಲಿಯ ಮನೆಯವರು ಮಾವನ ಜೊತೆ ಇಂದಿಗೂ ಮಾತಾಡುವುದಿಲ್ಲ. ಮಾವ ಅವರ ಪರವಾಗಿಯೂ ತಾವೇ ಮಾತಾಡುತ್ತಾರೆ.

ಸ್ವಯಂಸೇವಕರಾಗಿ ನನ್ನ ಜೊತೆ ಕಾಲೇಜು ಮಕ್ಕಳು, ಬಿಲ್ಡರ್ ನೆಂಟರು, ಫ್ಯಾಕ್ಟರಿ ಕೆಲಸದವರು ಬಂದರು. ಎಲ್ಲರಿಗೂ ಸೇವೆ ಮಾಡುವ ಆತುರ, ಎಲ್ಲರಿಗೂ ಬಾಯಿ. ಮೆಷಿನ್ನಿನವರು ಒಂದು ವಾಕ್ಯ ಮುಗಿಸುವಷ್ಟರಲ್ಲಿ ಇವರು ನಾಲ್ಕು ಸಮಾಧಾನ ಹೇಳಿ ಆಗಿರುತ್ತಿತ್ತು. ಆಗ ಮೇಷ್ಟ್ರು ಒಂದು ಪೊಟ್ಟಣ ಕಲ್ಲುಸಕ್ಕರೆ ತಂದು ಮೇಜಿನ ಮೇಲಿಟ್ಟು ನಿಯಮ ಓದಿಸಿದರು. ಯಾರಾದರೂ ಟೈಪ್ ಮಾಡಲು ಶುರು ಮಾಡಿದ ಕೂಡಲೇ ಉಳಿದವರು ಬಾಯಿಗೆ ಒಂದು ಕಲ್ಲುಸಕ್ಕರೆ ಹಾಕಿಕೊಳ್ಳಬೇಕು. ಕರಗಿದ ಮೇಲಷ್ಟೇ ಮಾತು. ಕರಗಿದರೂ ಅವರು ಗುಂಡಿ ಒತ್ತಿರದಿದ್ದರೆ ಇನ್ನೊಂದು. ಕಡಿದರೆ ಔಟ್. ಪರದೆಗೆ ಇಣುಕಿದರೂ ಔಟ್, ಅದು ಇನ್ನೊಬ್ಬರ ಬಾಯೊಳಗೆ ಇಣುಕಿದ ಹಾಗೆ ಎಂದು ಮೇಡಂ ಸೇರಿಸಿದರು.

ಹುಟ್ಟಿದ್ದು ಹೀಗೆ ಸುಮ್ಮನಿರುವ ತಂಡ. ಗೋಡೌನಿನಲ್ಲಿ ಕೂತು ಕೇಳಿದರೆ ಗೊತ್ತಾಗುತ್ತದೆ, ಅಲ್ಲಿ ಬಳಗದವರು ಒಬ್ಬರಿಗೊಬ್ಬರು ಏನೇನೆಲ್ಲ ಹೇಳಿಕೊಳ್ಳುತ್ತಾರೆ ಎಂದು. ಬಿಸಿಲಲ್ಲಿ ಪರದೆ ಕಾಣದಿದ್ದರೆ ಏನು ಮಾಡಬೇಕು, ಮಾತು ಬಾರದವರಿಗೆ ಕಿವಿಯೂ ಕೇಳಿಸದು ಎಂದುಕೊಂಡು ಕಿರುಚುವ ಆಟೊದವರಿಗೆ ಯಾವ ವಾಕ್ಯವನ್ನು ಮೊದಲೇ ಟೈಪ್ ಮಾಡಿ ಇಟ್ಟುಕೊಂಡಿರಬೇಕು, ಮಕ್ಕಳನ್ನು ಮೆಷಿನ್ನಿನಿಂದ ಗದರಿಸುವುದು ಹೇಗೆ. ಇದನ್ನು ನಾವು ಯಾರೂ ಅವರಿಗೆ ಹೇಳಿಕೊಡಲಾರೆವು. ನಮ್ಮ ಕೆಲಸ ಕರೆತರುವುದು, ಪ್ಲಗ್ ಹಾಕುವುದು, ಚೀಪುವುದು.

ಮಾವನಿಗೆ ಸಕ್ಕರೆ ಕಾಯಿಲೆ. ಹಾಗಾಗಿ ಅವರಿಗೆ ಮಾತ್ರ ವಿನಾಯಿತಿ ಕೊಟ್ಟು ಕಲ್ಲುಸಕ್ಕರೆಯ ಬದಲು ಲವಂಗ ಕೊಡಲಾಯಿತು. ಲವಂಗ ಕರಗುವುದಿಲ್ಲ. ಅಂದರೆ ಮಾವ ಎಂದೆಂದಿಗೂ ಮಾತಾಡುವಂತಿಲ್ಲ ಎಂದು ಮೇಷ್ಟ್ರ ಲೆಕ್ಕಾಚಾರ. ಮಾವ ಅದನ್ನು ಬಾಯಿಗೆ ಹಾಕಿದ ಮರುಕ್ಷಣವೇ ಅಗಿದು ನುಂಗಿಬಿಡುತ್ತಿದ್ದರು. ಎರಡು ಸಲ ಅಮಾನತಾದದ್ದು ಹಾಗೆ.

ಮೂರನೆಯ ಸಲದ್ದು, ಮೊದಲು ಹೇಳಿದ ಶ್ರಾವಣದ ಪ್ರಕರಣ, ಸ್ವಲ್ಪ ಗಂಭೀರವಾದದ್ದು. ಮೇಷ್ಟ್ರು ಒಂದು ಜೋಕ್ ಹೇಳುತ್ತಿದ್ದರು. ಒಂದು ಬೆರಳಿನಲ್ಲಿ ಜೋಕ್ ಹೇಳುವುದು ಎಂದರೆ ಏನು ಎಂದು ಯೋಚಿಸಿ. ಬಸ್ ಕಂಡಕ್ಟರ್ ಮತ್ತು ಅತ್ತೆ ಸೊಸೆಯರ ಜೋಕ್. ಎಲ್ಲರೂ ಎರಡನೇ ಕಲ್ಲುಸಕ್ಕರೆಯಲ್ಲಿದ್ದರು. ಮೇಷ್ಟ್ರ ಬೆರಳು ಕೊನೆಯ ಸಾಲಿನ ಮೇಲಿತ್ತು. ಲವಂಗ ನುಂಗಿ ಖಾಲಿ ಕೂತಿದ್ದ ಮಾವ ಕೊನೆಯ ಸಾಲನ್ನು ತಾವೇ ಗಟ್ಟಿಯಾಗಿ ಹೇಳಿಬಿಟ್ಟರು. ಇಬ್ಬರು ನಕ್ಕರು. ಮೇಷ್ಟ್ರು ಬೆರಳು ಎತ್ತಿ ಮಡಿಲಲ್ಲಿಟ್ಟುಕೊಂಡರು. ಅವರ ಕೊನೆಯ ಸಾಲು ಬೇರೆಯೇ ಇತ್ತಂತೆ. ಅದನ್ನು ಅವರು ಇದುವರೆಗೆ ಯಾರಿಗೂ ಹೇಳಿಲ್ಲ.

ಮಾವ ತಪ್ಪು ಒಪ್ಪಿಕೊಳ್ಳಲು ಶುರು ಮಾಡಿ ನಿಲ್ಲಿಸದಾದಾಗ ಮೇಡಂ ಬಾಗಿಲ ಕಡೆ ಕೈ ತೋರಿಸಿದರು. ಮಾವ ಹೊರಗೆ ಹೋಗಿ ಮೆಟ್ಟಿಲ ಮೇಲಿದ್ದ ಹಳೇ ಸ್ಪೀಕರಿನ ಕಾಲಂ ಬಾಕ್ಸಿನ ಮೇಲೆ ಕೂತರು. ನಾನೂ ಹೋಗಿ ಪಕ್ಕದಲ್ಲಿ ಕೂತೆ.

ಗೋಡೌನು ಇರುವುದು ಮನೆಯ ಹಿಂದೆಯೇ. ಅಡುಗೆಮನೆಯ ಕಿಟಕಿ ಗೋಡೌನಿನ ಕಡೆಗೆ ತೆರೆಯುತ್ತದೆ. ಪ್ರತಿ ಭಾನುವಾರ ಆ ಕಿಟಕಿಯ ಕಟ್ಟೆಯ ಮೇಲೆ ದೊಡ್ಡ ಸ್ಟೀಲ್ ಫ್ಲಾಸ್ಕಿನಲ್ಲಿ ಟೀ ಬಂದು ಕೂತಿರುತ್ತಿತ್ತು. ಅತ್ತೆ ಮಾತ್ರ ಬರುತ್ತಿರಲಿಲ್ಲ. ಬಳಗ ಶುರುವಾಗಿ ಒಂದು ವರ್ಷ ದಾಟಿತ್ತು. ಯಾರಿಗಾಗಿ ಇದನ್ನು ಕಟ್ಟಿದರೋ ಅವರೊಬ್ಬರನ್ನು ಬಿಟ್ಟು ಸುತ್ತಲಿನವರೆಲ್ಲ ಬಂದಿದ್ದರು. ಬಂದೇ ಬರುತ್ತಾರೆ, ಬಾಗಿಲು ತೆರೆದಿಡೋಣ ಎಂದು ಮೇಡಂ ಅನ್ನುತ್ತಿದ್ದರು. ಈಚೆಗೆ ಅದನ್ನೂ ಅನ್ನುವುದು ಬಿಟ್ಟಿದ್ದರು.

ಅಮಾನತಾದ ಮೇಲೆ ಸುಮ್ಮನಿರುವುದರಲ್ಲಿ ಮಾವ ಯಾರಿಗೂ ಕಡಿಮೆ ಇರಲಿಲ್ಲ. ಆಮೇಲೆ ಕಿಟಕಿಯ ಕಡೆ ನೋಡುತ್ತಾ, ಪಕ್ಕದಲ್ಲಿದ್ದ ನನಗೂ ಸರಿಯಾಗಿ ಕೇಳದಷ್ಟು ಸಣ್ಣ ದನಿಯಲ್ಲಿ ಅಂದರು:

‘ಅವ್ಳು ನಾಚ್ಕೆ ಆಗ್ತೈತೆ ಅಂದ್ಳು ಕಣ್ಲಾ. ನಾನು ಕ್ಲಿಯರ್ ಆಗಿ ಬಂತು ಅಂದೆ.’



ಗಣೇಶನ ಹಬ್ಬ ಕಳೆದ ಮೇಲಿನ ಒಂದು ಭಾನುವಾರ ಟೆಂಪೋದಲ್ಲಿ ಹೊಸಬರೊಬ್ಬರು ಬಂದರು. ಹಾವೇರಿ ಕಡೆಯ ಹೆಂಗಸು, ಯಶವಂತಪುರದಲ್ಲಿ ಮನೆ, ಗಾರ್ಮೆಂಟ್ಸ್ ಒಂದರಲ್ಲಿ ಸೂಪರ್‌ವೈಸರ್ ಆಗಿದ್ದವರು. ಅತ್ತೆಗೆ ಆದ ಆಪರೇಷನ್ನೇ ಅವರಿಗೂ ಆಗಿತ್ತು. ಬಳಗದಲ್ಲಿ ಅಂಥವರು ಅಲ್ಲಿಯತನಕ ಒಬ್ಬರೂ ಇರಲಿಲ್ಲ. ಆಕೆ ಸೆರಗನ್ನು ಕುತ್ತಿಗೆಗೆ ಬಿಗಿಯಾಗಿ ಸುತ್ತಿಕೊಂಡು, ಗೋಡೆಯ ಕಡೆ ತಿರುಗಿ ಕೂತರು. ಹೊಸ ಟ್ಯಾಬನ್ನು ಮುಟ್ಟಲೂ ಇಲ್ಲ. ಮೇಷ್ಟ್ರ ಜೋಕೂ ನಡೆಯಲಿಲ್ಲ. ಕಲ್ಲುಸಕ್ಕರೆಗಳು ಒಂದಾದ ಮೇಲೊಂದು ಕರಗುತ್ತಾ ಹೋದವು.

ಮೇಡಂ ಎದ್ದು ಅಡುಗೆಮನೆಯ ಕಿಟಕಿಗೆ ಹೋಗಿ ಏನೋ ಅಂದರು. ಆಮೇಲೆ ತಿಳಿದಂತೆ ಅವರು ಅತ್ತೆಯನ್ನು ಕರೆಯಲಿಲ್ಲ. ‘ಸೆರಗು ಸುತ್ತಿಕೊಂಡು ಒಬ್ಬರು ಬಂದಾರ್ರಿ’ ಎಂದಷ್ಟೇ ಹೇಳಿದ್ದರು.

ಸ್ವಲ್ಪ ಹೊತ್ತಿಗೆ ಹಿತ್ತಲ ಬಾಗಿಲು ತೆರೆಯಿತು. ಅತ್ತೆ ಮನೆಯಲ್ಲುಡುವ ಹತ್ತಿ ಸೀರೆಯಲ್ಲೇ ಬಂದರು. ಕೈಯಲ್ಲಿ ಟ್ಯಾಬ್ ಇತ್ತು. ಚಾರ್ಜರ್ ತಂಡದ ಹುಡುಗಿಯೊಬ್ಬಳು ವೈರ್ ಹಿಡಿದು ಓಡಿದಳು. ಎರಡು ವರ್ಷ ಬೀರುವಿನಲ್ಲಿದ್ದ ಮೆಷಿನ್ನಲ್ಲವೇ? ಅತ್ತೆ ಆನ್ ಮಾಡಿದರು. ಬ್ಯಾಟರಿ ತುಂಬಿತ್ತು. ಪ್ರತಿ ಶನಿವಾರ ಅತ್ತೆ ಸ್ನಾನಕ್ಕೆ ಹೋದಾಗ ಬೀರು ತೆಗೆದು, ಟ್ಯಾಬನ್ನು ಚಾರ್ಜಿಗೆ ಹಾಕಿ, ಆಕೆ ಹಿತ್ತಲಲ್ಲಿ ಬಟ್ಟೆ ಒಣಗಿಸುವಾಗ ಅದೇ ಸೀರೆಯ ಕೆಳಗೆ ಅದೇ ಮಗ್ಗುಲಿಗೆ ಇಟ್ಟುಬಿಡುತ್ತಿದ್ದವರು ಚಾರ್ಜರ್ ತಂಡದ ನಾಯಕರು. ಈ ವಿಷಯದಲ್ಲಿ ಮಾತ್ರ ಅವರು ಎಂದೂ ಬಾಯಿ ಬಿಟ್ಟಿರಲಿಲ್ಲ. ಅತ್ತೆ ಹುಡುಗಿಯ ಕೈಯಲ್ಲಿದ್ದ ವೈರ್ ನೋಡಿ, ಬೇಡ ಎಂದು ತಲೆಯಾಡಿಸಿದರು. ಅವರಿಗೆ ಆಶ್ಚರ್ಯವಾದಂತೆ ಕಾಣಲಿಲ್ಲ.

ಅತ್ತೆ ಮೊದಲು ಮಾಡಿದ ಕೆಲಸ ಧ್ವನಿಯನ್ನು ತೀರಾ ಸಣ್ಣಗೆ ಇಳಿಸಿದ್ದು. ಆಮೇಲೆ ಆ ಹೆಂಗಸಿನ ಎದುರು ಕುರ್ಚಿ ಹಾಕಿಕೊಂಡು ಕೂತು, ತಮ್ಮ ಸೆರಗನ್ನು ಕುತ್ತಿಗೆಯಿಂದ ಸರಿಸಿ ಹೆಗಲ ಮೇಲೆ ಹಾಕಿಕೊಂಡರು. ಟೈಪ್ ಮಾಡತೊಡಗಿದರು. ಆಕೆ ಬಾಗಿ ಕೇಳಿಸಿಕೊಂಡರು. ಅತ್ತೆ ಮತ್ತೆ ಟೈಪ್ ಮಾಡಿದರು. ಸ್ವಲ್ಪ ಹೊತ್ತಿನ ಮೇಲೆ ಆಕೆಯೂ ತಮ್ಮ ಟ್ಯಾಬನ್ನು ಮಡಿಲಿಗೆ ಎಳೆದುಕೊಂಡರು.

ಮಾವ ಬಾಗಿಲಿನಾಚೆ ಕಾಲಂ ಬಾಕ್ಸಿನ ಮೇಲಿದ್ದರು. ಎರಡು ಬೀದಿಯಾಚೆ ಕೂಗುವ ಹಾರನ್ನಿನ ಸದ್ದು ಕೇಳಿ ಅದು ಯಾರ ಅಂಗಡಿಯದು, ಯಾವ ಬದಿ ಒಡೆದಿದೆ ಎಂದು ಹೇಳಬಲ್ಲ ಕಿವಿ ಅದು. ಅತ್ತೆಯ ಒಂದಕ್ಷರವೂ ಅಲ್ಲಿಗೆ ಕೇಳಿಸುತ್ತಿರಲಿಲ್ಲ. ನಾಲ್ಕು ಹೆಜ್ಜೆ ಒಳಗೆ ಬಂದಿದ್ದರೆ ಕೇಳಿಸುತ್ತಿತ್ತು. ಅವರು ಬರಲಿಲ್ಲ. ಅಲ್ಲಿಂದಲೇ ಕೈ ಚಾಚಿ ಬಾಗಿಲ ಪಕ್ಕದ ಮೇಜಿನ ಮೇಲಿದ್ದ ಪೊಟ್ಟಣದಿಂದ ಒಂದು ಕಲ್ಲುಸಕ್ಕರೆ ತೆಗೆದು ಬಾಯಿಗೆ ಹಾಕಿಕೊಂಡರು. ಲವಂಗವಲ್ಲ, ಕಲ್ಲುಸಕ್ಕರೆಯೇ. ಮೇಷ್ಟ್ರು ನೋಡಿದರು, ಬೆರಳನ್ನು ಟ್ಯಾಬಿನ ಕಡೆ ಒಯ್ದರು, ಏನನ್ನೂ ಒತ್ತದೆ ಹಿಂದಕ್ಕೆ ತೆಗೆದುಕೊಂಡರು.

ಇಬ್ಬರು ಹೆಂಗಸರು ಏನು ಮಾತಾಡಿದರು ಎಂಬುದು ಗೊತ್ತಿಲ್ಲ. ಟೆಂಪೋ ಹೊರಡುವ ಹೊತ್ತಾದಾಗ ಆಕೆ ಎದ್ದರು. ಸೆರಗು ಹೆಗಲ ಮೇಲಿತ್ತು.

ಅತ್ತೆ ಹಿತ್ತಲ ಬಾಗಿಲ ಕಡೆ ಹೋಗುವವರು, ಹಾಗೆ ಹೋಗದೆ ಮೆಟ್ಟಿಲ ಬಳಿ ಬಂದು ಮಾವನ ಎದುರು ನಿಂತರು. ಮಾವ ಎದ್ದು ನಿಂತರು. ಒಂದು ಕೆನ್ನೆ ಉಬ್ಬಿತ್ತು. ಅದು ಎರಡನೆಯದೋ ಮೂರನೆಯದೋ ನನಗೆ ತಿಳಿಯದು. ಅತ್ತೆ ಟೈಪ್ ಮಾಡಲು ಶುರು ಮಾಡಿದರು. ಮಾವ ಪರದೆಯ ಕಡೆ ನೋಡಲಿಲ್ಲ. ಅತ್ತೆಯ ಕಾಲ್ಬೆರಳುಗಳನ್ನು ನೋಡುತ್ತಾ ನಿಂತರು. ಅತ್ತೆ ಒಂದು ಅಕ್ಷರ ತಪ್ಪು ಒತ್ತಿ, ಅಳಿಸಿ, ಮತ್ತೆ ಒತ್ತಿದರು. ಮಾವ ಕಲ್ಲುಸಕ್ಕರೆಯನ್ನು ಇನ್ನೊಂದು ಕೆನ್ನೆಗೆ ಹೊರಳಿಸಿಕೊಂಡರು. ಅತ್ತೆ ಗುಂಡಿ ಒತ್ತಿದರು. ಸಣ್ಣ ದನಿಯಲ್ಲಿ ವಾರ್ತೆ ಬಂತು.

‘ನಿಮ್ಗೆ ಶುಗರ್ ಐತೆ. ಉಗೀರಿ.’

ಮಾವ ಉಗಿಯಲಿಲ್ಲ. ಇನ್ನೇನಾದರೂ ಇರಬಹುದೆಂದು ಅದು ಕರಗುವ ತನಕ ಅಲ್ಲೇ ನಿಂತಿದ್ದರು. ಅತ್ತೆ ಫ್ಲಾಸ್ಕನ್ನು ಎತ್ತಿಕೊಂಡು ಒಳಗೆ ಹೋದರು.

ಅದಾದ ಮೇಲೆ ಅತ್ತೆ ಎರಡು ಸಲ ಯಶವಂತಪುರಕ್ಕೆ ಆ ಹೆಂಗಸಿನ ಮನೆಗೆ ಹೋಗಿ ಬಂದಿದ್ದಾರೆ. ಟೆಂಪೋ ಓಡಿಸಿದ್ದು ಮಾವ. ಎರಡು ಸಲವೂ ಅವರು ರಸ್ತೆಯ ಆಚೆ ಬದಿಯಲ್ಲಿ ಟೆಂಪೋ ನಿಲ್ಲಿಸಿಕೊಂಡು ಒಳಗೇ ಕೂತಿದ್ದರು. ಗಂಡನಿಗೆ ಅತ್ತೆ ಬೇರೆ ಯಾವ ಮಾತನ್ನೂ ಇನ್ನೂ ಹೇಳಿಲ್ಲ. ಟ್ಯಾಬ್ ಬೀರುವಿಗೆ ವಾಪಸಾಗಿಲ್ಲ. ಅಡುಗೆಮನೆಯ ಕಿಟಕಿಯ ಕಟ್ಟೆಯ ಮೇಲಿದೆ. ಅಮಾನತು ತೆರವಾಗಿಲ್ಲ.